ಊರಿಗೆಲ್ಲ ವೀಸಾ ಬರೆದ ಫಾರಂ ಮಾಸ್ತರರು

ನಮ್ಮ ಫಾರಂ ಮಾಸ್ತರರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಆದರೂ ಮಾಸ್ತರರು ಅನ್ನಿಸಿಕೊಂಡರು, ಅವರ ಅಕ್ಷರ ಹಾಗಿತ್ತು. ಅವರು ಬರೆದ ಸಾಲಿನ ಮೇಲೆ ಒಂದು ಇರುವೆ ಬಿಟ್ಟರೆ ಅದು ಎಡಬಲ ನೋಡದೆ ನೆಟ್ಟಗೆ ಹೋಗಿ ಪೂರ್ಣವಿರಾಮದ ಹತ್ತಿರ ನಿಂತುಬಿಡುತ್ತಿತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ನನ್ನ ಮೊಮ್ಮಗಳು ಇದನ್ನು ನಂಬುವುದಿಲ್ಲ, ಈಗ ಬಿಟ್ಟು ತೋರಿಸಿ ಅನ್ನುತ್ತಾಳೆ. ಈಗಿನ ಇರುವೆಗಳಿಗೆ ಆ ಶಿಸ್ತೆಲ್ಲಿದೆ?

ನೀರಾಚೆಯ ದೇಶದವರು ನಮ್ಮೂರಲ್ಲಿ ಒಂದು ವೀಸಾ ಕಚೇರಿ ಇಟ್ಟಿದ್ದರು. ಎತ್ತರದ ಗೋಡೆ, ಹಸಿರು ಗೇಟು, ಗೇಟಿನಲ್ಲಿ ಅಂಗೈ ಅಗಲದ ಕಿಂಡಿ. ಅದರ ಎದುರಿನ ಫುಟ್‌ಪಾತಿನ ಮೇಲೆ, ಒಂದೇ ತಗಡಿನ ಚಪ್ಪರದ ಕೆಳಗೆ, ನಾವಿಬ್ಬರೂ ಇಪ್ಪತ್ತಾರು ವರ್ಷ ಕೂತೆವು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ ವೀಸಾ ಫೋಟೋ ತೆಗೆಯುವುದು ನನ್ನ ಕೆಲಸ. ಜನರ ಅರ್ಜಿ ತುಂಬಿಸುವುದು ಮಾಸ್ತರರ ಕೆಲಸ. ಅವರದೊಂದು ಮೇಜಿತ್ತು. ಅದರ ಒಂದು ಕಾಲು ಗಿಡ್ಡ, ಅದಕ್ಕೆ ಹಳೇ ಫಾರಂಗಳನ್ನೇ ಮಡಿಸಿ ಒತ್ತು ಕೊಟ್ಟಿದ್ದರು. ಎರಡು ಪೆನ್ನು, ಒಂದು ಸ್ಕೇಲು, ಒಂದು ಒದ್ದೆ ಸ್ಪಂಜು, ಅಷ್ಟೇ ಅವರ ಕಾರ್ಖಾನೆ.

ಸಾಲು ಆ ಕಾಲದಲ್ಲಿ ಎಷ್ಟು ಉದ್ದ ಇರುತ್ತಿತ್ತು ಅಂದರೆ, ಬ್ರಹ್ಮಚಾರಿಯಾಗಿ ಬಾಲಕ್ಕೆ ಸೇರಿದ ಒಬ್ಬ ಬಟ್ಟೆ ವ್ಯಾಪಾರಿ ಕಿಂಡಿ ಮುಟ್ಟುವ ಹೊತ್ತಿಗೆ ಹೆಂಡತಿಯ ಹೆಸರು ಸೇರಿಸಿ, ಮಗುವಿನ ಹೆಸರಿಗೆ ಜಾಗ ಸಾಲದೆ, ಹೊಸ ಫಾರಂ ತೆಗೆದುಕೊಳ್ಳಬೇಕಾಯಿತು. ಇದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಸಾಲು ಉದ್ದ ಇತ್ತು ಅನ್ನುವುದಂತೂ ಖಂಡಿತ.

ಮಾಸ್ತರರ ಕೆಲಸದ ರೀತಿಯೇ ಬೇರೆ. ಬಂದವರ ಕಾಗದಪತ್ರ ಮೊದಲು ಮುಟ್ಟುತ್ತಿರಲಿಲ್ಲ. ಎದುರಿನ ಸ್ಟೂಲಿನಲ್ಲಿ ಕೂರಿಸಿ, ಯಾಕೆ ಹೋಗುತ್ತಿದ್ದೀರಿ ಅಂತ ಕೇಳುತ್ತಿದ್ದರು. ಜನ ಹೇಳುತ್ತಿದ್ದರು ನೋಡಿ! ಅಲ್ಲಿರುವ ಮಗಳಿಗೆ ಚೊಚ್ಚಲ ಹೆರಿಗೆ, ಅಳಿಯ ಒಳ್ಳೆಯವನೇ ಆದರೆ ಅವನ ತಾಯಿಯ ಬಾಯಿ ಸರಿಯಿಲ್ಲ, ಮಗಳಿಗೆ ಚಿಕ್ಕಂದಿನಿಂದ ಬೆನ್ನುನೋವು ಅಂತ ಒಬ್ಬಾಕೆ ಅರ್ಧ ಗಂಟೆ ಕಣ್ಣೊರೆಸಿಕೊಂಡು ಹೇಳಿದರೆ, ಮಾಸ್ತರರು ಪೂರ್ತಿ ಕೇಳಿ, ತಲೆದೂಗಿ, ಫಾರಂನಲ್ಲಿ ಬರೆಯುತ್ತಿದ್ದುದು ಎರಡೇ ಮಾತು: ಬಂಧು ಭೇಟಿ. ಗುಂಡಿ ಮಾರುವವನು ತನ್ನ ಏಳುಬೀಳಿನ ಕಥೆಯೆಲ್ಲ ಬಿಚ್ಚಿದರೆ ಅದಕ್ಕೆ ಒಂದೇ ಮಾತು: ವ್ಯಾಪಾರ. ಇಷ್ಟೇ ಬರೆಯುವುದಾದರೆ ಅಷ್ಟೆಲ್ಲ ಯಾಕೆ ಕೇಳುತ್ತೀರಿ ಅಂತ ನಾನು ಕೇಳಿದ್ದೆ. ಕೇಳದೆ ಬರೆದರೆ ಅಕ್ಷರ ಸೊಟ್ಟ ಬರುತ್ತದೆ ಅಂದರು.

ಇನ್ನೊಂದು ಹಟ ಅವರಿಗೆ. ಬೇರೆಯವರ ಕೈ ಫಾರಂ ಮೇಲೆ ಬೀಳಬಾರದು. ಓದಿದವರು, ಕೋಟು ಹಾಕಿದವರು, ನಾನೇ ಬರೆದುಕೊಳ್ಳುತ್ತೇನೆ ಅಂದರೂ ಬಿಡುತ್ತಿರಲಿಲ್ಲ. ಸಹಿಯೊಂದು ಮಾತ್ರ ಅವರವರದು. ಆ ಸಹಿ ಹಾಕುವಾಗಲೂ ಚೌಕದ ಕೆಳಗೆ ಸ್ಕೇಲು ಹಿಡಿದು, ಹೊರಗೆ ಹೋಗದಂತೆ ಕಾಯುತ್ತಿದ್ದರು. ಅವರು ಬರೆದ ಅರ್ಜಿ ತಪ್ಪಿಗಾಗಿ ವಾಪಸು ಬಂದದ್ದನ್ನು ನಾನು ನೋಡಿಲ್ಲ. ಊರಿನ ಅರ್ಧ ಜನ ನೀರು ದಾಟಿದ್ದು ಅವರ ಕೈಯಿಂದ.

ಅವರೊಬ್ಬರು ಮಾತ್ರ ದಾಟಲಿಲ್ಲ. ಕಥೆ ಇರುವುದೇ ಅಲ್ಲಿ.

ಮಾಸ್ತರರಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ಹೋದ ಮೇಲೆ ಎತ್ತಿ ಬೆಳೆಸಿದವಳು ಅವಳೇ. ನೀರಾಚೆಯ ದೇಶದಲ್ಲಿ ಯಂತ್ರದ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಒಬ್ಬರನ್ನು ಮದುವೆಯಾಗಿ ಅಲ್ಲಿಯವಳೇ ಆಗಿಬಿಟ್ಟಿದ್ದಳು. ಒಂಬತ್ತು ವರ್ಷದ ಹಿಂದೆ ಭಾವ ಇದ್ದಕ್ಕಿದ್ದಂತೆ ತೀರಿಕೊಂಡರು. ಸುದ್ದಿ ಬಂದ ಬೆಳಗ್ಗೆ ಮಾಸ್ತರರು ಮೊಟ್ಟಮೊದಲ ಸಲ ತಮ್ಮ ಹೆಸರಿನಲ್ಲಿ ಒಂದು ಫಾರಂ ತುಂಬಿದರು. ನಾನು ಫೋಟೋ ತೆಗೆದೆ. ಐದನೇ ದಿನ ಉತ್ತರ ಬಂತು. ಪರಿಶೀಲಿಸಲಾಯಿತು, ವೀಸಾ ನೀಡಲಾಗದು. ಕಾರಣ ಇಲ್ಲ, ಏನಿಲ್ಲ.

ಆ ಕಾಗದ ಹಿಡಿದು ಅವರು ಕೂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಳಲಿಲ್ಲ. ಯಾರಾದರೂ ನೋಡಿದರೋ ಅಂತ ಸಾಲಿನ ಕಡೆ ಕಳ್ಳನ ಹಾಗೆ ಕಣ್ಣು ಹಾಯಿಸಿದರು. ಊರಿಗೆಲ್ಲ ಅರ್ಜಿ ಬರೆಯುವವನ ಅರ್ಜಿಯೇ ತಿರಸ್ಕಾರ ಆಯಿತು ಅಂದರೆ ನಾಳೆಯಿಂದ ಆ ಸ್ಟೂಲಿನಲ್ಲಿ ಕೂರುವವರು ಯಾರು? ನಾನು ಬಾಯಿ ಬಿಡಬಾರದು ಅಂತ ನನ್ನ ಕ್ಯಾಮೆರಾ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ಅಕ್ಕನಿಗೆ ಫೋನಿನಲ್ಲಿ, ಕೆಲಸ ಬಹಳ ಇದೆ, ಮುಂದಿನ ತಿಂಗಳು ಬರುತ್ತೇನೆ ಅಂದರು.

ಮರುವರ್ಷ ಮತ್ತೆ ಅರ್ಜಿ ಹಾಕಿದರು. ಮತ್ತೆ ಅದೇ ಒಂದು ಸಾಲು. ಈ ಸಲ ಅಕ್ಕನ ಹತ್ತಿರ, ತಮಗೆ ಮಂಡಿನೋವು ಅಂದರು. ಹೇಳಿದ ಮೇಲೆ ನಡೆಸಬೇಕಲ್ಲ? ಅವರ ಹೆಂಡತಿ ಪಾಪ ನಿಜ ಅಂತಲೇ ನಂಬಿ ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಇಲ್ಲದ ನೋವಿಗೆ ಎರಡು ವರ್ಷ ಎಣ್ಣೆ ಕುಡಿದ ಆ ಮಂಡಿಗಳು ಎಷ್ಟು ನಯವಾಗಿದ್ದವು ಅಂದರೆ, ಕಾಲ ಮೇಲೆ ಕಾಲು ಹಾಕಿದರೆ ಜಾರಿ ಬೀಳುತ್ತಿದ್ದವು.

ಮೂರನೇ ಸಲ ಸೋದರ ಸೊಸೆಯ ಮದುವೆ. ಸೋದರಮಾವ ಇರಲೇಬೇಕಾದ ಜಾಗ. ಆಗಲೂ ನೀಡಲಾಗದು. ಮಾಸ್ತರರು ಫೋನಿನಲ್ಲಿ ಏನೋ ತಡವರಿಸಿದರು. ಆ ಕಡೆಯಿಂದ ಅಕ್ಕ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಊರಿಗೆಲ್ಲ ದಾರಿ ಬರ್ಕೊಡ್ತೀಯ. ನಿನ್ನ ಕೈಲಿ ಬರೆಸ್ಕೊಂಡು ಬಂದೋರು ನನ್ನಂಗ್ಡೀಲೇ ಬಂದು ಬೋಲ್ಟು ತಗೊಂಡು ಹೋಗ್ತಾರೆ. ನಿಂಗೆ ಮಾತ್ರ ಅಕ್ಕನ ಮನೆ ದಾರಿ ಗೊತ್ತಿಲ್ಲ. ಇನ್ಮೇಲೆ ಫೋನ್ ಮಾಡ್ಬೇಡ ಕಣೋ."

ಅಷ್ಟೇ. ನಾಲ್ಕು ವರ್ಷ ಮಾತಿಲ್ಲ. ಅವಳಾದರೂ ಬರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅಂಗಡಿ ಒಬ್ಬಳ ತಲೆ ಮೇಲಿತ್ತು. ಅದೂ ಅಲ್ಲದೆ, ಗಂಡ ಸತ್ತ ಮನೆಗೆ ತಮ್ಮ ಬರಬೇಕೇ ಹೊರತು ಅವಳೇ ತಮ್ಮನನ್ನು ಹುಡುಕಿಕೊಂಡು ಬರುವುದುಂಟೆ?

ಹೀಗಿರುವಾಗ ಒಂದು ಮಧ್ಯಾಹ್ನ ಟೀ ಅಂಗಡಿಯ ಟೀವಿಯಲ್ಲಿ ಎರಡು ದೇಶದ ಮಂತ್ರಿಗಳು ಕೈ ಕುಲುಕಿದರು. ನಾವು ಅವರಿಗೆ ಬಟ್ಟೆ ಕಳಿಸುವುದು, ಅವರು ನಮಗೆ ಯಂತ್ರ ಕಳಿಸುವುದು, ಈ ಕೊಡುಕೊಳ್ಳುವಿಕೆ ಅಷ್ಟು ಬೆಳೆದಿತ್ತಂತೆ. ಸರಕು ದಿನಾ ಓಡಾಡುತ್ತದೆ, ಅದನ್ನು ಮಾಡಿದ ಮನುಷ್ಯನೇ ಓಡಾಡಬಾರದಾ ಅಂತ ಯೋಚನೆ ಮಾಡಿ ಒಪ್ಪಂದಕ್ಕೆ ಬಂದರಂತೆ. ಬರುವ ತಿಂಗಳ ಮೊದಲ ತಾರೀಖಿನಿಂದ ವೀಸಾ ಬೇಡ. ಪಾಸ್‌ಪೋರ್ಟು ಇದ್ದರೆ ಸಾಕು, ಮೂವತ್ತು ದಿನ ಇರಬಹುದು. ಎರಡೂ ಕಡೆಯವರಿಗೂ.

ಟೀ ಅಂಗಡಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟಿ ಆದ ಮೇಲೆ ಹೊಳೆಯಿತು, ನಾನು ತಟ್ಟಿದ್ದು ನನ್ನ ಹೊಟ್ಟೆಯ ಮೇಲೇ ಅಂತ.

ಒಂದನೇ ತಾರೀಖು ಬೆಳಗ್ಗೆ ಬಂದು ನೋಡಿದರೆ ಸಾಲೇ ಇಲ್ಲ. ರಸ್ತೆ ಅಷ್ಟು ಅಗಲ ಇದೆ ಅಂತ ನಮಗೆ ಆವತ್ತೇ ಗೊತ್ತಾದದ್ದು. ಮಾಸ್ತರರು ಪೆನ್ನಿನ ಮುಚ್ಚಳ ತೆಗೆದು, ಸ್ಪಂಜು ಒದ್ದೆ ಮಾಡಿಕೊಂಡು, ಎಂದಿನಂತೆ ಕೂತರು. ಹತ್ತು ಗಂಟೆಗೆ ಒಬ್ಬ ಬಂದ. ಬಂದವನು ಬಸ್ ನಿಲ್ದಾಣ ಎಲ್ಲಿ ಅಂತ ಕೇಳಿದ. ಅವನನ್ನೂ ಕೂರಿಸಿಕೊಂಡು ಯಾಕೆ ಹೋಗುತ್ತಿದ್ದೀರಿ ಅಂತ ಕೇಳಿದರು ಮಾಸ್ತರರು.

ಮೂರನೇ ದಿನ ಹಸಿರು ಗೇಟಿನ ಒಳಗಿನಿಂದ ಒಬ್ಬ ಗುಮಾಸ್ತ ಹೊರಗೆ ಬಂದ. ಕಡತದ ಕೋಣೆಯವನು, ದಿನಾ ಹಿಂಬಾಗಿಲಿನಿಂದ ಹೋಗಿ ಬರುವವನು, ಹಾಗಾಗಿ ನಾವು ಅವನ ಮುಖವನ್ನೇ ಕಂಡಿರಲಿಲ್ಲ. ಕಚೇರಿ ಮುಚ್ಚುತ್ತಿದ್ದರು. ಟೀ ಕುಡಿಯಲು ಬಂದವನು ಮೇಜಿನ ಮೇಲಿದ್ದ ಒಂದು ಹಳೇ ಫಾರಂ ನೋಡಿ ಗಕ್ಕನೆ ನಿಂತ.

"ಈ ಅಕ್ಷರ ನಿಮ್ದಾ?" ಅಂದ.

ಮಾಸ್ತರರು ಹೌದು ಅಂದರು. ಗುಮಾಸ್ತ ಅವರ ಮುಖ ನೋಡಿದ, ಪೆನ್ನು ನೋಡಿದ, ಕೊನೆಗೆ ಸ್ಟೂಲಿನ ಮೇಲೆ ಕುಸಿದು ಕೂತ. ನಿಧಾನವಾಗಿ ಎಲ್ಲ ಹೇಳಿದ. ಒಳಗೆ ವರ್ಷವರ್ಷದ ಕಡತಗಳನ್ನು ನೋಡುವಾಗ ಸಾವಿರಾರು ಅರ್ಜಿಗಳು ಒಂದೇ ಕೈಯಲ್ಲಿರುವುದು ಸಾಹೇಬರ ಕಣ್ಣಿಗೆ ಬಿದ್ದಿತ್ತಂತೆ. ಇದರ ಹಿಂದೆ ಯಾವನೋ ಭಾರಿ ದಲ್ಲಾಳಿ ಇದ್ದಾನೆ, ಜನರನ್ನು ಸಾಗಿಸುವ ಜಾಲ ಇದು ಅಂತ ಗುಮಾನಿ. ಆದರೆ ಬಂದ ಒಬ್ಬೊಬ್ಬರ ದಾಖಲೆಯೂ ಸರಿಯಾಗಿದ್ದದ್ದರಿಂದ ಅವರನ್ನು ತಡೆಯುವ ಹಾಗಿರಲಿಲ್ಲ. ಕಾಯುತ್ತಿದ್ದರು. ಒಂದು ದಿನ ಅದೇ ಅಕ್ಷರದ ಅರ್ಜಿ ಬಂತು, ಕೆಳಗಿನ ಸಹಿಯೂ ಅದೇ ಕೈಯದು. ಉದ್ಯೋಗ ಅನ್ನುವ ಕಡೆ ಮಾಸ್ತರರು, ಫುಟ್‌ಪಾತಿನಲ್ಲಿ ಕೂರುವುದನ್ನು ಏನಂತ ಬರೆಯುವುದು ಅಂತ ಸಂಕೋಚಪಟ್ಟು, ಸ್ವಂತ ಉದ್ಯೋಗ ಅಂತ ಬರೆದಿದ್ದರು.

"ಸಾಹೇಬ್ರು ಎದ್ದು ನಿಂತ್ಬಿಟ್ರು. ಸಿಕ್ಕಿಬಿದ್ದ, ಇವನೇ ಅವನು ಅಂದ್ರು. ನಿಮ್ಮೆಸ್ರಿಗೆ ಕೆಂಪು ಗೆರೆ ಎಳೆದ್ರು," ಅಂದ ಗುಮಾಸ್ತ. "ಕಿಟಕಿ ತೆಗೆದು ನೋಡಿದ್ರೆ ಸಾಕಿತ್ತು, ನೀವು ಇಲ್ಲೇ ಕೂತಿದ್ರಿ. ಆದ್ರೆ ನಮ್ ಕೋಣೇಲಿ ಕಿಟಕಿ ಇರಲಿಲ್ಲ ನೋಡಿ."

ನಾನು ನಕ್ಕುಬಿಟ್ಟೆ. ತಡೆಯಲು ಆಗಲಿಲ್ಲ. ಮಾಸ್ತರರು ನಗಲಿಲ್ಲ. ಕೈ ಎತ್ತಿ, ಅಂಗೈ ತಿರುಗಿಸಿ ನೋಡಿಕೊಂಡರು, ಯಾರದೋ ಕೈ ತನ್ನ ತೋಳಿಗೆ ಅಂಟಿದೆ ಅನ್ನುವ ಹಾಗೆ.

ಆ ಕೆಂಪು ಗೆರೆಯ ಕಡತವೂ ಕಚೇರಿಯ ಜೊತೆಗೇ ಮುಚ್ಚಿತು, ಈಗ ಹೋಗಲು ಅಡ್ಡಿಯೇ ಇಲ್ಲ, ನಾಳೆಯೇ ಹೊರಡಿ ಅಂದೆ. ಅವರು ಕದಲಲಿಲ್ಲ. ನೀಡಲಾಗದು ಅನ್ನುವ ಕಾಗದ ಇದ್ದಷ್ಟು ದಿನ ಒಳಗೊಳಗೇ ಅದರ ಹಿಂದೆ ಅಡಗಿ ಕೂರಬಹುದಿತ್ತು. ಈಗ ಅಡಗಲು ಜಾಗವಿಲ್ಲ. ಹೋದರೆ ಅಕ್ಕ ಬಾಗಿಲು ಹಾಕಿಕೊಂಡರೆ? ವಾರ ಕಳೆಯಿತು. ಕೊನೆಗೆ ಅವರ ಹೆಂಡತಿಗೆ ನಾನು ಆಣೆ ಮುರಿದು ಎಲ್ಲ ಹೇಳಿದೆ. ಆಕೆ ಮೊದಲು ಕೇಳಿದ್ದು ಮಂಡಿಯ ವಿಷಯ. ನೋವೇ ಇರಲಿಲ್ವಾ ಅಂತ ಮೂರು ಸಲ ಕೇಳಿದರು. ಆಮೇಲೆ ಗಂಡನ ಎದುರು ಪಾಸ್‌ಪೋರ್ಟು ತಂದಿಟ್ಟರು.

"ನೀವು ಹೋಗ್ಲಿಲ್ಲಾಂದ್ರೆ ನಾನೇ ಹೋಗಿ ನಿಮ್ಮಕ್ಕಂಗೆ ಎಣ್ಣೆ ವಿಷ್ಯ ಸಮೇತ ಹೇಳ್ಬರ್ತೀನಿ. ಈಗ ನಂಗೂ ವೀಸಾ ಬೇಕಾಗಿಲ್ಲ."

ಅದಕ್ಕೆ ಹೆದರಿ ಹೊರಟರು. ಜೊತೆಗೆ ನಾನು. ಹಡಗಿನಲ್ಲಿ ಏಳು ಗಂಟೆಯ ದಾರಿ. ಆವತ್ತು ಅಲೆ ಎಷ್ಟಿತ್ತು ಅಂದರೆ ಒಂದು ಮೀನು ಮೇಲಿನ ಅಟ್ಟದ ತನಕ ಹಾರಿ ಬಂದು, ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಒಂದು ಕ್ಷಣ ಕೂತು, ಇದು ಆಗುವುದಿಲ್ಲ ಅಂತ ವಾಪಸು ಹೋಯಿತು. ಮಾಸ್ತರರು ಅದನ್ನೂ ನೋಡಲಿಲ್ಲ. ಅವರ ತೊಂದರೆಯೇ ಬೇರೆ. ಜೇಬಿನಲ್ಲಿ ಫಾರಂ ಇಲ್ಲದೆ ದೇಶ ದಾಟುವುದು ಅವರಿಗೆ ಅಂಗಿ ಇಲ್ಲದೆ ಬೀದಿಗೆ ಬಂದ ಹಾಗಾಗಿತ್ತು. ಘಳಿಗೆಗೊಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಇಳಿದ ಮೇಲೆ ಒಂದು ಉದ್ದನೆಯ ಹಜಾರ. ಗಾಜಿನ ಹಿಂದೆ ಒಬ್ಬ ಅಧಿಕಾರಿ, ಮುಂದೆ ನಾವು. ಅವನು ಪಾಸ್‌ಪೋರ್ಟು ತಿರುವಿ, ತಲೆ ಎತ್ತದೆ, ಯಾಕೆ ಬಂದಿರಿ ಅಂತ ಕೇಳಿದ.

ಇಪ್ಪತ್ತಾರು ವರ್ಷ ಆ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಬರೆದ ಮನುಷ್ಯ. ಬಂಧು ಭೇಟಿ ಅಂದರೆ ಮುಗಿದಿತ್ತು. ನಾನು ಹಿಂದಿನಿಂದ ಮೆಲ್ಲಗೆ ಹೇಳಿಯೂ ಕೊಟ್ಟೆ. ಮಾಸ್ತರರು ಬಾಯಿ ತೆಗೆದರು, ತಾಯಿ ಸತ್ತಲ್ಲಿಂದ ಶುರು ಮಾಡಿದರು. ಅಕ್ಕ ತಲೆ ಬಾಚಿದ್ದು, ಹೊತ್ತುಕೊಂಡು ಶಾಲೆಗೆ ಬಿಟ್ಟದ್ದು, ಭಾವ ತೀರಿಕೊಂಡದ್ದು, ಮಂಡಿನೋವಿನ ಸುಳ್ಳು, ನಾಲ್ಕು ವರ್ಷ ಮಾತು ಬಿಟ್ಟದ್ದು, ಒಂದೂ ಬಿಡಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಮೊದಲು ಗೊಣಗಿದರು, ಆಮೇಲೆ ಕೇಳಿಸುತ್ತಿಲ್ಲ ಅಂತ ಹತ್ತಿರ ಬಂದರು. ಅಧಿಕಾರಿ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದ. ನಡುವೆ ಒಂದೇ ಒಂದು ಸಲ, ಅದೆಲ್ಲ ಬೇಕಾಗಿಲ್ಲ ಅನ್ನಲು ಹೋಗಿ ಸುಮ್ಮನಾದ. ಮುದ್ರೆ ಒತ್ತಿ, ಮೂವತ್ತು ದಿನ ಇದೆ, ಮೊದಲು ಅಕ್ಕನ ಮನೆಗೆ ಹೋಗಿ, ಊರು ಆಮೇಲೆ ನೋಡಿ ಅಂತ ಕಳಿಸಿದ.

ಅಂಗಡಿ ಹುಡುಕಲು ಕಷ್ಟವಾಗಲಿಲ್ಲ. ಇಕ್ಕಟ್ಟಿನ ರಸ್ತೆ, ಕಬ್ಬಿಣದ ಮತ್ತು ಗ್ರೀಸಿನ ವಾಸನೆ, ಗೋಡೆ ತುಂಬ ಸಣ್ಣಸಣ್ಣ ಡ್ರಾಯರುಗಳು. ಗಲ್ಲಾಪೆಟ್ಟಿಗೆಯ ಹಿಂದೆ ಕನ್ನಡಕ ಹಾಕಿದ ಹೆಂಗಸು ಒಂದು ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದಳು. ಒಳಗೆ ಬಂದ ನಮ್ಮನ್ನು ಕನ್ನಡಕದ ಮೇಲಿನಿಂದ ನೋಡಿದಳು. ಬೇರಿಂಗು ತಿರುಗುವುದು ನಿಲ್ಲುವವರೆಗೂ ನೋಡಿದಳು.

"ಏನು ಬೇಕಿತ್ತು?" ಅಂದಳು, ಗಿರಾಕಿಗೆ ಕೇಳಿದ ಹಾಗೆ.

"ಅಕ್ಕ," ಅಂದರು ಮಾಸ್ತರರು.

"ಕೂತ್ಕೊಳ್ಳಿ. ಜನ ಇದ್ದಾರೆ."

ಬಹುವಚನ! ಎತ್ತಿ ಬೆಳೆಸಿದ ತಮ್ಮನಿಗೆ ಬಹುವಚನ. ಅದಕ್ಕಿಂತ ಬೇರಿಂಗು ತೆಗೆದು ಎಸೆದಿದ್ದರೆ ಕಡಿಮೆ ನೋವಾಗುತ್ತಿತ್ತು. ಮಾಸ್ತರರು ಒಂದು ಮರದ ಪೆಟ್ಟಿಗೆಯ ಮೇಲೆ ಕೂತರು. ಎರಡು ಗಂಟೆ ಹೊತ್ತು ಅವಳು ಗಿರಾಕಿಗಳನ್ನು ನೋಡಿಕೊಂಡಳು. ಗಿರಾಕಿ ಇಲ್ಲದಾಗ ಇದ್ದ ನಟ್ಟುಗಳನ್ನೇ ಮತ್ತೆ ವಿಂಗಡಿಸಿದಳು. ವಾತಾವರಣ ತಿಳಿಯಾಗಲಿ ಅಂತ ನಾನು ಮೀನಿನ ಕಥೆ ಎತ್ತಿದೆ. ಯಾರಿವರು ಅನ್ನುವ ಹಾಗೆ ಒಮ್ಮೆ ನೋಡಿದಳು. ಮೀನು ಸೀಟಿನ ತನಕ ಬರುವ ಮೊದಲೇ ನನ್ನ ಬಾಯಿಗೆ ಬೀಗ ಬಿತ್ತು.

ಕೊನೆಯ ಗಿರಾಕಿ ಹೋದ ಮೇಲೆ ಕನ್ನಡಕ ತೆಗೆದು ಒರೆಸುತ್ತ, ಮಂಡಿ ಹೇಗಿದೆ ಅಂತ ಕೇಳಿದಳು. ದೇಶದ ಬಾಗಿಲು ತೆರೆದಿಟ್ಟ ಕೂಡಲೇ ವಾಸಿಯಾಗುವ ನೋವು ಅದ್ಯಾವುದು ಅಂತ ತನಗೆ ಗೊತ್ತಿರಲಿಲ್ಲ ಅಂದಳು.

ಮಾಸ್ತರರು ಎದ್ದು ನಿಂತು, ತಲೆ ತಗ್ಗಿಸಿಕೊಂಡು, ನಡೆದದ್ದನ್ನು ಹೇಳಿದರು. ಮೂರು ಅರ್ಜಿ, ಮೂರು ತಿರಸ್ಕಾರ, ಗುಮಾಸ್ತ ಹೇಳಿದ ಮಾತು. ಅವಳು ನಡುವೆ ನನ್ನ ಕಡೆ ತಿರುಗಿ ನಿಜವಾ ಅಂತ ಕಣ್ಣಿನಲ್ಲೇ ಕೇಳಿದಳು. ಜೀವಮಾನದಲ್ಲಿ ಒಂದು ಸಲ, ಏನೂ ಸೇರಿಸದೆ, ಹೌದು ಅಂದೆ.

ಅವಳು ಒರೆಸುತ್ತಿದ್ದ ಕನ್ನಡಕವನ್ನು ನಟ್ಟುಗಳ ಪಕ್ಕದಲ್ಲಿಟ್ಟಳು.

"ಯಾಕೋ ಹೇಳ್ಲಿಲ್ಲ ನಂಗೆ?" ಅಂದಳು.

"ನಾಚಿಕೆ ಆಯ್ತಕ್ಕ. ಊರಿಗೆಲ್ಲ ಬರ್ಕೊಡೋನು..."

"ಊರಿಗೆ ನಾಚ್ಕೋ. ನಂಗೆ ಯಾಕೆ ನಾಚ್ಕೋತೀಯ? ನಿನ್ನ ಮೂಗು ಒರೆಸ್ದೋಳು ನಾನು. ಮೊದಲೇ ಒಂದು ಮಾತು ಹೇಳಿದ್ರೆ ಇಲ್ಲಿಂದ ನಾನು ಅರ್ಜಿ ಹಾಕಿ ಕರೆಸ್ಕೋತಿದ್ದೆ. ನನ್ನ ಕೈಬರಹದ ಮೇಲೆ ಯಾರಿಗೂ ಗುಮಾನಿ ಇರಲಿಲ್ಲ. ಅದು ಕಾಗೆ ಕಾಲು."

ಮಾಸ್ತರರು ತಲೆ ಎತ್ತಿದರು. ಆ ಮುಖ ನೋಡಬೇಕಿತ್ತು ನೀವು. ಬೇರೆಯವರ ಕೈಯಲ್ಲಿ ಬರೆಸಬಹುದು ಅನ್ನುವುದೇ ಅವರಿಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆದಿರಲಿಲ್ಲ ಅನ್ನಿ. ಮೊದಲ ಸಲವೇ ನಾನು ಬರೆದಿದ್ದರೂ ನಡೆಯುತ್ತಿತ್ತು.

"ನೀನು ಬರ್ಲಿಲ್ಲ ಅಂತಲ್ಲ ಕಣೋ," ಅಂದಳು ಅಕ್ಕ. ಅಲ್ಲಿಗೆ ಅವಳ ದನಿ ಒಡೆಯಿತು. "ನಿಂಗೆ ಬರೋ ಮನಸ್ಸೇ ಇಲ್ಲ ಅಂದ್ಕೊಂಡಿದ್ದೆ."

ಇನ್ನು ಅತ್ತು ಅಪ್ಪಿಕೊಳ್ಳುತ್ತಾರೆ ಅಂತ ನಾನು ಗೋಡೆಯ ಕಡೆ ತಿರುಗಿಕೊಂಡೆ. ಹಾಗೇನೂ ಆಗಲಿಲ್ಲ. ಅವಳು ಮೂಗು ಒರೆಸಿಕೊಂಡು, ಎಷ್ಟು ದಿನ ಇರಬಹುದು ಅಂತ ಕೇಳಿದಳು. ಮೂವತ್ತು ಅಂದರು ಇವರು. ಒಂಬತ್ತು ವರ್ಷದ ಬೈಗುಳಕ್ಕೆ ಮೂವತ್ತು ದಿನ ಎಲ್ಲಿಗೆ ಸಾಕು ಅಂತ ಗೊಣಗುತ್ತ ಷಟರು ಎಳೆದಳು. ಹಾಡುಹಗಲಲ್ಲಿ ಅವಳ ಅಂಗಡಿ ಮುಚ್ಚಿದ್ದನ್ನು ನೋಡಿ ಎದುರಂಗಡಿಯವನು ಹೊರಗೆ ಬಂದು ಏನಾಯಿತಮ್ಮ ಅಂತ ಗಾಬರಿಯಿಂದ ಕೇಳಿದ.

"ನನ್ನ ತಮ್ಮ ಬಂದಿದ್ದಾನೆ, ಬೈಯೋದಿದೆ," ಅಂದಳು.

ಮೇಲಿನ ಮನೆಗೆ ಹತ್ತುವಾಗ ಮೆಟ್ಟಿಲಿನಲ್ಲೇ ಶುರುವಾಯಿತು. ಭಾವನ ಫೋಟೋದ ಮುಂದೆ ನಿಲ್ಲಿಸಿ ಬೈದಳು. ಆ ಫೋಟೋದಲ್ಲಿ ಬೆಳಕು ಸರಿಯಿಲ್ಲ ಅಂತ ನನ್ನ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ಊಟಕ್ಕೆ ಬಡಿಸುತ್ತ ಬೈದಳು, ಇನ್ನೂ ಹಾಕಿಸಿಕೋ ಅಂತ ಬೈದಳು. ಮಗಳಿಗೆ ಫೋನು ಹಚ್ಚಿ, ನಿನ್ನ ಮದುವೆಗೆ ಬಾರದ ಮಾವ ಬಂದಿದ್ದಾನೆ, ನೀನೂ ಬಂದು ಬೈದು ಹೋಗು ಅಂದಳು. ಮಾಸ್ತರರು ಎಲ್ಲಕ್ಕೂ ಹೂಂ ಅಕ್ಕ, ಹೂಂ ಅಕ್ಕ ಅನ್ನುತ್ತ, ತಟ್ಟೆಯಲ್ಲಿ ಅಗುಳು ಉಳಿಸದೆ ತಿಂದರು. ಅವರು ಅಷ್ಟು ತಿಂದದ್ದನ್ನು ನಾನು ಎಂದೂ ನೋಡಿರಲಿಲ್ಲ.

ನಾನು ಎಂಟನೇ ದಿನ ವಾಪಸು ಹೊರಟೆ. ಹಡಗಿನ ತನಕ ಬಿಡಲು ಅಕ್ಕ ತಮ್ಮ ಇಬ್ಬರೂ ಬಂದಿದ್ದರು. ಅಲ್ಲೂ ಅವಳು ಏನೋ ಒಂದು ಹಳೇ ವಿಷಯ ಹಿಡಿದು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಮಾಸ್ತರರನ್ನು ಪಕ್ಕಕ್ಕೆ ಕರೆದು, ಎಲ್ಲಿಯವರೆಗೆ ಬಂತು ಅಂತ ಕೇಳಿದೆ.

"ಇನ್ನೂ ಎರಡ್ನೇ ವರ್ಷದಲ್ಲೇ ಇದ್ದಾಳೆ," ಅಂದರು. "ಮೂವತ್ತಾದ್ಮೇಲೆ ಒಂದ್ಸಲ ಊರಿಗೆ ಬಂದು, ಮತ್ತೆ ಬರ್ಬೇಕಂತೆ. ಮುಂದಿನ್ಸಲ ಹೆಂಡ್ತೀನೂ ಕರ್ಕೊಂಡು ಬಾ ಅಂದಿದ್ದಾಳೆ."

ಹೇಳುವಾಗ ಹಲ್ಲೆಲ್ಲ ಕಾಣುತ್ತಿತ್ತು. ಹಿಂದಿನಿಂದ ಅಕ್ಕ, ಬಿಸಿಲಲ್ಲಿ ಏನು ನಿಂತಿದ್ದೀಯ ಪೆದ್ದ ಅಂತ ಕೂಗಿದಳು. ಅರವತ್ತೊಂದು ವರ್ಷದ ಫಾರಂ ಮಾಸ್ತರರು ನನ್ನನ್ನು ಅಲ್ಲೇ ಬಿಟ್ಟು, ಬಂದೆ ಅಕ್ಕ ಅಂತ ಓಡಿದರು.